ಮಧುಚಂದ್ರಕ್ಕೆ ದ್ವೀಪವೋ, ಕಾಂಪೌಂಡೋ?

ನ್ಯೂಜೆರ್ಸಿ, ಡಲ್ಲಾಸ್, ಟೊರಾಂಟೊಗಳಲ್ಲಿ ಕೆಲಸದಲ್ಲಿರುವ ನಮ್ಮ ಹುಡುಗ ಹುಡುಗಿಯರಿಗೆ ಕೆರಿಬಿಯನ್ ಕಡಲು ಈಗ ದೂರದ್ದೇನಲ್ಲ. ನ್ಯೂಯಾರ್ಕಿನಲ್ಲಿ ವಿಮಾನ ಹತ್ತಿದರೆ ನಾಲ್ಕು ಗಂಟೆಯ ಆಸುಪಾಸಿನಲ್ಲಿ ಜಮೈಕಾದ ಮಾಂಟೆಗೊ ಬೇ. ಊರಿನಲ್ಲಿ ಮದುವೆ ಮುಗಿಸಿಕೊಂಡು ಕೆಲಸಕ್ಕೆ ಮರಳಿದ ಜೋಡಿಗೆ ಮಧುಚಂದ್ರವೆಂದರೆ ಜಮೈಕಾ, ಡೊಮಿನಿಕನ್ ರಿಪಬ್ಲಿಕ್‌ನ ಪುಂಟಾ ಕಾನಾ, ಸೇಂಟ್ ಲೂಸಿಯಾ ಎಂಬ ಹೆಸರುಗಳು ಸಹಜವಾಗಿ ಬರುತ್ತವೆ. ಜೊತೆಗೇ ಬರುವ ಮಾತು ಆಲ್ ಇನ್‌ಕ್ಲೂಸಿವ್ ರೆಸಾರ್ಟ್. ಕೋಣೆ, ಊಟ, ತಿಂಡಿ, ಮದ್ಯ, ನೀರಾಟ, ಸಂಜೆಯ ಸಂಗೀತ ಎಲ್ಲಕ್ಕೂ ಮುಂಗಡವಾಗಿ ಒಂದೇ ಮೊತ್ತ. ಆಮೇಲೆ ಹೋಲಿಕೆ ಶುರುವಾಗುತ್ತದೆ: ಇಲ್ಲಿ ಹನ್ನೆರಡು ರೆಸ್ಟೋರೆಂಟ್, ಅಲ್ಲಿ ಒಂಬತ್ತು, ಇಲ್ಲಿ ಕೋಣೆಯ ಬಾಗಿಲಿಗೇ ಈಜುಕೊಳ, ಅಲ್ಲಿ ಬಟ್ಲರ್ ಸೇವೆ. ಹೀಗೆ ಆರಿಸುವುದು ಕೆಲಸವನ್ನು ಕೊನೆಯಿಂದ ಶುರುಮಾಡಿದಂತೆ ಎಂಬುದು ನನ್ನ ವಾದ. ಮೊದಲು ತಿಂಗಳು ಮತ್ತು ದ್ವೀಪವನ್ನು ಗೊತ್ತುಮಾಡಬೇಕು. ಆಮೇಲೆ, ಗೇಟಿನಿಂದಾಚೆಗೆ ನಡೆದೋ ಬಸ್ಸು ಹತ್ತಿಯೋ ಹೋಗಲು ಬರುವ ಜಾಗ ಹುಡುಕಬೇಕು. ರೆಸಾರ್ಟಿನ ಸವಲತ್ತುಗಳ ಮಾತು ಬರಬೇಕಾದ್ದು ಅದಾದ ಮೇಲೆ. ಆಗಲೂ ಇರುವ ರಾತ್ರಿಗಳನ್ನೆಲ್ಲ ಅದಕ್ಕೇ ಕೊಡಬೇಕಾಗಿಲ್ಲ.

ಈ ರೆಸಾರ್ಟ್‌ಗಳು ಬೆಳೆದ ಬಗೆ ನೋಡಿದರೆ ಗೇಟಿನ ಮಾತು ಯಾಕೆ ಬಂತೆಂದು ತಿಳಿಯುತ್ತದೆ. ಮೊದಲೇ ಹಣ ಕೊಟ್ಟು ಆಮೇಲೆ ಜೇಬಿಗೆ ಕೈಹಾಕದೆ ರಜೆ ಕಳೆಯುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆಗಳನ್ನು ಹಾಕಿ ಆರಂಭವಾದ ಕ್ಲಬ್ ಮೆಡ್. ಅದನ್ನು ನವದಂಪತಿಗಳ ವ್ಯಾಪಾರವಾಗಿ ತಿರುಗಿಸಿದ್ದು ಜಮೈಕಾ. 1970ರ ದಶಕದಲ್ಲಿ ಆ ದೇಶ ರಾಜಕೀಯ ಹಿಂಸಾಚಾರದಲ್ಲಿ ನಲುಗಿತ್ತು. 1976ರಲ್ಲಿ ತುರ್ತು ಪರಿಸ್ಥಿತಿಯನ್ನೇ ಹೇರಲಾಯಿತು. ಹೊರಗೆ ಕಾಲಿಡಲು ಪ್ರವಾಸಿಗರು ಹೆದರುತ್ತಿದ್ದ ಆ ಹೊತ್ತಿನಲ್ಲಿ ಜಾನ್ ಇಸ್ಸಾ ಎಂಬ ಹೋಟೆಲ್ ಉದ್ಯಮಿ ಓಚೊ ರಿಯೊಸ್‌ನಲ್ಲಿ 1978ರಲ್ಲಿ ಜೋಡಿಗಳಿಗೆ ಮಾತ್ರ ಪ್ರವೇಶವಿರುವ ರೆಸಾರ್ಟ್ ತೆರೆದರು. 1981ರಲ್ಲಿ ಏರ್ ಕಂಡಿಷನರ್ ವ್ಯಾಪಾರಿ ಗಾರ್ಡನ್ ‘ಬುಚ್’ ಸ್ಟುವರ್ಟ್ ಮಾಂಟೆಗೊ ಬೇಯ ಹಳೆಯ ಹೋಟೆಲೊಂದನ್ನು ಕೊಂಡು ಸ್ಯಾಂಡಲ್ಸ್ ರೆಸಾರ್ಟ್ ಶುರುಮಾಡಿದರು. ಇಬ್ಬರೂ ಜಮೈಕಾದವರೇ. ತಮ್ಮ ದೇಶದ ಪ್ರವಾಸೋದ್ಯಮ ಕುಸಿಯುತ್ತಿದ್ದಾಗ ಅದನ್ನು ಹಿಡಿದು ನಿಲ್ಲಿಸಿದ ಶ್ರೇಯಸ್ಸು ಅವರಿಗೆ ಸಲ್ಲಬೇಕು. ಆದರೆ ಹೊರಗಿನ ಭಯಕ್ಕೆ ಉತ್ತರವಾಗಿ ಬೆಳೆದ ಏರ್ಪಾಟು, ಅಂಥ ಭಯಕ್ಕೆ ಕಾರಣವೇ ಇಲ್ಲದ ದ್ವೀಪಗಳಿಗೂ ಹಬ್ಬಿ, ಮಧುಚಂದ್ರಕ್ಕೆ ಇದೇ ಸರಿಯಾದ ಕ್ರಮ ಎಂಬಂತೆ ನಿಂತುಬಿಟ್ಟಿದೆ. ಅದು ನಮಗೆ ಬೇಕೇ ಎಂದು ಕೇಳಿಕೊಳ್ಳುವವರು ಕಡಿಮೆ.

ದುಡ್ಡಿನ ಲೆಕ್ಕವನ್ನೇ ಮೊದಲು ನೋಡೋಣ. ಮೂರು ಹೊತ್ತಿನ ಊಟಕ್ಕೆ ಮೊದಲೇ ಹಣ ಕಟ್ಟಿದವರಿಗೆ ಹೊರಗಿನ ಒಂದು ಊಟವೆಂದರೆ ಒಂದೇ ಹಸಿವಿಗೆ ಎರಡು ಬಾರಿ ದುಡ್ಡು ಕೊಟ್ಟಂತೆ. ಆದ್ದರಿಂದ ಜನ ಹೊರಗೆ ಹೋಗುವುದಿಲ್ಲ. ಯಾರೂ ತಡೆಯುವುದಿಲ್ಲ, ಕೊಟ್ಟ ಹಣವೇ ತಡೆಯುತ್ತದೆ. ಎರಡನೆಯದು ಮದ್ಯ. ಈ ರೆಸಾರ್ಟ್‌ಗಳ ದೊಡ್ಡ ಆಕರ್ಷಣೆಯೇ ಬೆಳಗಿನಿಂದ ನಡುರಾತ್ರಿಯವರೆಗೆ ಲೆಕ್ಕವಿಲ್ಲದೆ ಸಿಗುವ ಪಾನೀಯ. ಕುಡಿಯುವವರಿಗೂ ಕುಡಿಯದವರಿಗೂ ಸಾಮಾನ್ಯವಾಗಿ ಒಂದೇ ದರ. ಮೀನು ಮಾಂಸಗಳ ದುಬಾರಿ ಅಡುಗೆಗೂ ಇದೇ ಮಾತು. ಇಬ್ಬರಲ್ಲಿ ಒಬ್ಬರು ಕುಡಿಯದ, ಇಬ್ಬರೂ ಸಸ್ಯಾಹಾರಿಗಳಾದ ಜೋಡಿ (ನಮ್ಮವರಲ್ಲಿ ಇದು ಅಪರೂಪವೇನಲ್ಲ) ಪಕ್ಕದ ಮೇಜಿನವರ ರಮ್ಮಿಗೂ ಸೀಗಡಿಗೂ ತನ್ನ ಪಾಲು ಕಟ್ಟುತ್ತಿರುತ್ತದೆ. ಮೂರನೆಯದು, ಎಲ್ಲವೂ ಸೇರಿದೆ ಎಂದ ಮೇಲೂ ಸೇರದೆ ಉಳಿಯುವ ಬಾಬತ್ತುಗಳು: ಸ್ಪಾ, ದೋಣಿ ವಿಹಾರ, ಒಳ್ಳೆಯ ವೈನ್, ಕಡಲ ದಂಡೆಯಲ್ಲಿ ಇಬ್ಬರಿಗೆಂದೇ ಹಾಕುವ ಮೇಜು. ಕೆಲವು ಕಡೆ ವಿಮಾನ ನಿಲ್ದಾಣದಿಂದ ಕರೆತರುವ ವಾಹನಕ್ಕೂ ಬೇರೆ ದರವಿದೆ. ಪುಂಟಾ ಕಾನಾ, ಮೆಕ್ಸಿಕೊದ ಕಾನ್‌ಕುನ್ ಕಡೆಯ ಎಷ್ಟೋ ರೆಸಾರ್ಟ್‌ಗಳಲ್ಲಿ ಬಂದ ಮರುದಿನವೇ ಸ್ವಾಗತದ ಉಪಾಹಾರವೆಂದು ಕರೆದು, ಸದಸ್ಯತ್ವವನ್ನೋ ಟೈಮ್‌ಶೇರ್ ಅನ್ನೋ ಮಾರಲು ಅರ್ಧ ಬೆಳಗನ್ನೇ ತಿಂದುಹಾಕುವ ಅಭ್ಯಾಸವಿದೆ. ಮಧುಚಂದ್ರದ ಒಂದು ಬೆಳಗಿಗೆ ಬೆಲೆಯಿದೆ ಎಂದು ತಿಳಿದವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಊಟದ ವಿಷಯದಲ್ಲಿ ಕಳೆದುಹೋಗುವುದು ಹಣಕ್ಕಿಂತ ಹೆಚ್ಚಿನದು, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ದೊಡ್ಡ ರೆಸಾರ್ಟ್‌ಗಳ ಬಫೆಯಲ್ಲಿ ಪಾಸ್ಟಾ, ಪಿಜ್ಜಾ, ಸುಶಿ, ಬರ್ಗರ್‌ಗಳದ್ದೇ ದರ್ಬಾರು. ಸ್ಥಳೀಯ ಅಡುಗೆಗೆ ಒಂದು ಮೂಲೆಯೋ ವಾರದಲ್ಲೊಂದು ರಾತ್ರಿಯೋ ಮೀಸಲು. ಆ ದ್ವೀಪಗಳ ಮನೆಗಳಲ್ಲಿ ಬೇಯುವುದಾದರೂ ಏನು? ಜಮೈಕಾದಲ್ಲಿ ಬೆಳಗಿನ ತಟ್ಟೆಗೆ ಬರುವ ‘ಕ್ಯಾಲಲೂ’ ನಮ್ಮ ಹರಿವೆ, ದಂಟು, ಕೀರೆ ಸೊಪ್ಪುಗಳ ಕುಲದ್ದೇ ಸೊಪ್ಪು. ಈರುಳ್ಳಿ, ಟೊಮೆಟೊ ಹಾಕಿ ಬಾಡಿಸುತ್ತಾರೆ. ಟ್ರಿನಿಡಾಡಿನಲ್ಲಿ ಅದೇ ಹೆಸರಿನ ಅಡುಗೆಯನ್ನು ಕೆಸುವಿನ ಎಲೆಯಿಂದ, ತೆಂಗಿನಹಾಲು ಹಾಕಿ ಮಾಡುತ್ತಾರೆ. ಪತ್ರೊಡೆ ತಿಂದ ಕರಾವಳಿಯ ನಾಲಿಗೆಗೆ ಆ ಎಲೆಯ ಪರಿಚಯ ಹೇಳಬೇಕಾಗಿಲ್ಲ. ದಕ್ಷಿಣ ಕನ್ನಡದಲ್ಲಿ ಜೀಗುಜ್ಜೆ ಎನ್ನುವ ಕಾಯಿಯನ್ನು ಅಲ್ಲಿ ಕೆಂಡದಲ್ಲಿ ಸುಟ್ಟು ತಿನ್ನುತ್ತಾರೆ. ಅದು ಅಲ್ಲಿಗೆ ಬಂದ ಕಥೆ ಮಾತ್ರ ಕಹಿ: ಕಬ್ಬಿನ ತೋಟಗಳ ಗುಲಾಮರಿಗೆ ಅಗ್ಗದ ಆಹಾರವಾಗಲೆಂದು 1793ರಲ್ಲಿ ಕ್ಯಾಪ್ಟನ್ ವಿಲಿಯಂ ಬ್ಲೈ ಟಹಿಟಿಯಿಂದ ಹಡಗಿನಲ್ಲಿ ಅದರ ಸಸಿಗಳನ್ನು ತಂದಿಳಿಸಿದ. ಗುಲಾಮಗಿರಿ ಮುಗಿದ ಮೇಲೆ ಅದೇ ತೋಟಗಳಿಗೆ ಕರಾರು ಕೂಲಿಗಳಾಗಿ ಭಾರತೀಯರು ಬಂದರು, ಟ್ರಿನಿಡಾಡ್‌ಗೂ ಜಮೈಕಾಗೂ 1845ರಲ್ಲಿ. ಹೆಚ್ಚಿನವರು ಭೋಜಪುರಿ ಸೀಮೆಯವರು, ಮದರಾಸಿನಿಂದ ಹಡಗು ಹತ್ತಿದವರೂ ಇದ್ದರು. ಅವರೊಂದಿಗೆ ಬಂದ ದಾಲ್‌ಪುರಿ ಇವತ್ತಿಗೂ ಟ್ರಿನಿಡಾಡಿನ ರೋಟಿ ಅಂಗಡಿಗಳಲ್ಲಿ ಸಿಗುತ್ತದೆ: ಬೇಯಿಸಿ ಪುಡಿಮಾಡಿದ ಬೇಳೆಯನ್ನು ಒಳಗಿಟ್ಟು ಲಟ್ಟಿಸಿದ ತೆಳ್ಳಗಿನ ರೊಟ್ಟಿ, ಬೆಲ್ಲವಿಲ್ಲದ ಒಬ್ಬಟ್ಟಿನ ಹಾಗೆ. ರೋಟಿ ಈಗ ಬಾರ್ಬಡೋಸ್, ಗ್ರೆನಡಾಗಳಲ್ಲೂ ಬೀದಿಯ ಊಟ. ಜಮೈಕಾದ ರಾಸ್ತಫಾರಿ ಪಂಥದವರ ‘ಐಟಲ್’ ಅಡುಗೆಯಂತೂ ಮಾಂಸ ಮುಟ್ಟದ್ದು. ಕಾಳು, ಗೆಡ್ಡೆ, ಸೊಪ್ಪು, ತೆಂಗಿನಹಾಲುಗಳದ್ದು. ಸಸ್ಯಾಹಾರಿಗಳು ಕೆರಿಬಿಯನ್‌ನಲ್ಲಿ ಹೊರಗೆ ಹೋದರೆ ಉಪವಾಸವೇ ಗತಿ ಎಂದು ಹೆದರಿ ರೆಸಾರ್ಟ್ ಆರಿಸಿಕೊಳ್ಳುತ್ತಾರೆ. ಅವರಿಗೆ ಒಗ್ಗುವ ಅಡುಗೆ ಇರುವುದು ಹೆಚ್ಚಾಗಿ ಗೇಟಿನ ಹೊರಗೆ.

ಯಾವ ಪ್ಯಾಕೇಜೂ ಒಳಗೊಳ್ಳಲಾಗದ್ದು ಋತು. ನಮ್ಮ ಮದುವೆಯ ತಿಂಗಳುಗಳಿಗೂ ಆ ಕಡಲಿನ ತಿಂಗಳುಗಳಿಗೂ ಅಷ್ಟಾಗಿ ಹೊಂದಿಕೆಯಿಲ್ಲ. ನಮ್ಮಲ್ಲಿ ವೈಶಾಖ, ಜ್ಯೇಷ್ಠಗಳಲ್ಲಿ ಮುಹೂರ್ತಗಳ ಸಾಲು. ಆಷಾಢ ಹುಟ್ಟುವ ಮೊದಲು ಮದುವೆ ಮುಗಿಸುವ ಆತುರ. ಮೇ ಕೊನೆಗೆ ಮದುವೆಯಾದ ಜೋಡಿ ಜೂನ್, ಜುಲೈಯಲ್ಲಿ ಕೆರಿಬಿಯನ್‌ಗೆ ಹೊರಟರೆ ಎರಡು ಸಂಗತಿಗಳು ಎದುರಾಗುತ್ತವೆ. ಒಂದು, ಸರ್ಗಾಸಮ್ ಎಂಬ ಕಂದು ಕಡಲಕಳೆ. 2011ರಿಂದೀಚೆಗೆ ಅಟ್ಲಾಂಟಿಕ್‌ನಲ್ಲಿ ಇದರ ರಾಶಿ ವರ್ಷವರ್ಷವೂ ತೇಲಿ ಬರುತ್ತಿದೆ. ವಸಂತದಿಂದ ಬೇಸಗೆಯವರೆಗೆ ಹಾವಳಿ ಜಾಸ್ತಿ. ಪೂರ್ವಕ್ಕೆ ಮುಖಮಾಡಿದ ದಂಡೆಗಳಿಗೆ ಪೆಟ್ಟು ಹೆಚ್ಚು, ಪುಂಟಾ ಕಾನಾ ಮತ್ತು ಮೆಕ್ಸಿಕೊದ ಕೆರಿಬಿಯನ್ ತೀರಗಳಿರುವುದು ಹಾಗೆಯೇ. ಕಳೆ ದಡಕ್ಕೆ ಬಿದ್ದು ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಹೊರಬಂದು ಕೊಳೆತ ಮೊಟ್ಟೆಯ ವಾಸನೆ ಹರಡುತ್ತದೆ. ಪಟದಲ್ಲಿ ಕಂಡ ಹಸಿರುನೀಲಿ ನೀರು ಆ ವಾರ ಕಂದಾಗಿದ್ದರೆ ರೆಸಾರ್ಟಿನವರು ಟ್ರ್ಯಾಕ್ಟರ್ ಬಿಟ್ಟು ಗೋರಿಸಬಹುದು, ಅಷ್ಟೇ.

ಎರಡನೆಯ ಸಂಗತಿ ಚಂಡಮಾರುತ. ಅದರ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಬಿರುಸು ಆಗಸ್ಟ್ ನಡುವಿನಿಂದ ಅಕ್ಟೋಬರ್‌ವರೆಗೆ. ದಕ್ಷಿಣದ ದ್ವೀಪಗಳಿಗೆ ಅಪಾಯ ಕಡಿಮೆ ಎಂಬ ಮಾತು ಒಟ್ಟಾರೆ ನಿಜ, ಆದರೆ ಭರವಸೆಯಲ್ಲ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಗ್ರೆನಡಾಕ್ಕೆ ಸೇರಿದ ಪುಟ್ಟ ದ್ವೀಪ ಕ್ಯಾರಿಯಾಕೂವನ್ನು ನೆಲಸಮ ಮಾಡಿತು. ಮರುದಿನವೇ ಐದನೇ ದರ್ಜೆಗೇರಿ, ವರ್ಷದಲ್ಲಿ ಅಷ್ಟು ಬೇಗ ಆ ದರ್ಜೆ ಮುಟ್ಟಿದ ಮೊದಲ ಅಟ್ಲಾಂಟಿಕ್ ಚಂಡಮಾರುತವೆನಿಸಿತು. 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಐದನೇ ದರ್ಜೆಯ ಬಲದಲ್ಲೇ ಜಮೈಕಾದ ಪಶ್ಚಿಮ ಭಾಗಕ್ಕೆ ಅಪ್ಪಳಿಸಿತು. ಹಲವು ರೆಸಾರ್ಟ್‌ಗಳು ತಿಂಗಳುಗಟ್ಟಲೆ ಮುಚ್ಚಿದವು. ವೆನೆಜುವೆಲಾದ ಕರಾವಳಿಗೆ ಹತ್ತಿರವಿರುವ ಅರೂಬಾ, ಬೊನೇರ್, ಕ್ಯುರಸಾವ್‌ಗಳಿಗೆ ಮಾತ್ರ ಚಂಡಮಾರುತ ಬಹಳ ಅಪರೂಪ. ಹೀಗಾಗಿ ಕಾರ್ತಿಕದಿಂದ ಮಾಘದವರೆಗೆ ಮದುವೆಯಾಗುವವರಿಗೆ ಹವೆ ಒಳ್ಳೆಯದು, ದರ ಏರಿದ್ದು. ಬೇಸಗೆಯ ಮದುವೆಯವರು ಅರೂಬಾದ ಕಡೆ ನೋಡುವುದೋ, ಪಶ್ಚಿಮಕ್ಕೆ ಮುಖಮಾಡಿದ ದಂಡೆ ಹುಡುಕುವುದೋ, ಪ್ರವಾಸವನ್ನೇ ಡಿಸೆಂಬರ್‌ಗೆ ಮುಂದೂಡುವುದೋ ಮೇಲು. ಹನ್ನೆರಡು ರೆಸ್ಟೋರೆಂಟುಗಳ ರೆಸಾರ್ಟ್ ಸೆಪ್ಟೆಂಬರ್‌ನಲ್ಲಿ ಅರ್ಧ ದರಕ್ಕೆ ಸಿಗುತ್ತಿದ್ದರೆ ಅದಕ್ಕೆ ಕಾರಣ ಆಕಾಶದಲ್ಲಿದೆ.

ಗೇಟಿನ ಆಚೆ ಇರುವವರ ಮಾತಿಗೆ ಬರೋಣ. ಜಮೈಕಾದಲ್ಲಿ ಬ್ರಿಟಿಷರ ಕಾಲದ 1956ರ ಕಡಲತೀರ ನಿಯಂತ್ರಣ ಕಾಯ್ದೆ ಇನ್ನೂ ಜಾರಿಯಲ್ಲಿದ್ದು, ಸಾಮಾನ್ಯ ಜನರಿಗೆ ದಂಡೆಯ ಮೇಲೆ ಸಹಜ ಹಕ್ಕನ್ನು ಅದು ಮಾನ್ಯ ಮಾಡುವುದಿಲ್ಲ. ತಾವು ಹುಟ್ಟಿ ಬೆಳೆದ ಊರಿನ ಮರಳಿಗೆ ಇಳಿಯಲು ಜನ ಅಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾಗಿದೆ. ಬಾರ್ಬಡೋಸ್‌ನಲ್ಲಿ ಹಾಗಿಲ್ಲ, ಎಲ್ಲ ಕಡಲತೀರಗಳೂ ಸಾರ್ವಜನಿಕ. ರೆಸಾರ್ಟಿನ ಅತಿಥಿಯ ಪಕ್ಕದಲ್ಲೇ ಶಾಲೆ ಮುಗಿಸಿ ಬಂದ ಮಕ್ಕಳು ಈಜುತ್ತಿರುತ್ತಾರೆ. ಗೋಕರ್ಣ, ಮಲ್ಪೆಗಳ ದಂಡೆ ಎಲ್ಲರದ್ದೆಂದು ನಂಬಿ ಬೆಳೆದ ನಮಗೆ ಇದರಲ್ಲಿ ಯಾವುದು ಸರಿ ಎನಿಸುತ್ತದೆ ಎಂದು ಹೇಳಬೇಕಿಲ್ಲ. ಹಣದ ಹರಿವಿನ ಮಾತೂ ಇದೆ. ಪ್ರವಾಸಿಗರು ಖರ್ಚು ಮಾಡುವ ಹಣದಲ್ಲಿ ಕೆರಿಬಿಯನ್‌ನಿಂದ ಹೊರಕ್ಕೆ ಸೋರಿಹೋಗುವುದು ಶೇ 80ರಷ್ಟು ಎಂಬ ಅಂದಾಜನ್ನು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಹಿಂದೆ ಪ್ರಕಟಿಸಿತ್ತು. ಅದೇ ಪಟ್ಟಿಯಲ್ಲಿ ಭಾರತದ ಅಂಕಿ ಶೇ 40. ಈ ಅಂಕಿಯನ್ನು ಅರ್ಥಶಾಸ್ತ್ರಜ್ಞರು ಪ್ರಶ್ನಿಸಿದ್ದಾರೆ, ಎಣಿಸುವ ಕ್ರಮವೇ ಸರಿಯಿಲ್ಲ ಎಂದವರೂ ಇದ್ದಾರೆ, ಹಾಗಾಗಿ ಅದರ ಮೇಲೆ ಪೂರ್ತಿ ಭಾರ ಹಾಕಲಾರೆ. ಆದರೂ ವಿದೇಶಿ ಒಡೆತನದ ರೆಸಾರ್ಟಿನ ಲಾಭ, ಹೊರಗಿನಿಂದ ತರಿಸಿದ ಆಹಾರದ ಬೆಲೆ, ವಿದೇಶದಲ್ಲೇ ಮುಗಿದುಹೋಗುವ ಬುಕಿಂಗಿನ ಕಮಿಷನ್ ದ್ವೀಪದಲ್ಲಿ ಉಳಿಯುವುದಿಲ್ಲ ಎನ್ನಲು ಅಂಕಿ ಅಂಶದ ಹಂಗು ಬೇಕಿಲ್ಲ.

ರೆಸಾರ್ಟ್‌ಗಳೇ ಆ ದ್ವೀಪಗಳ ಅನ್ನದ ದಾರಿ, ಅವುಗಳನ್ನು ಬಿಟ್ಟರೆ ಸಾವಿರಾರು ಜನರ ಕೆಲಸ ಹೋಗುವುದಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಾಳೆ, ಸಕ್ಕರೆಗಳ ವ್ಯಾಪಾರ ಕುಸಿದ ಮೇಲೆ ಈ ದೇಶಗಳಿಗೆ ಪ್ರವಾಸೋದ್ಯಮವೇ ಆಸರೆ; ಕೆಲವು ದ್ವೀಪಗಳಲ್ಲಿ ದೊಡ್ಡ ಉದ್ಯೋಗದಾತರೆಂದರೆ ರೆಸಾರ್ಟ್‌ಗಳೇ. ಆದರೆ ಕೆಲಸ ಇದೆ ಎಂದ ಮಾತ್ರಕ್ಕೆ ಅದು ನೆಮ್ಮದಿಯ ಕೆಲಸ ಎನ್ನಲಾಗದು. 2024ರ ನವೆಂಬರ್‌ನಲ್ಲಿ ಜಮೈಕಾದ ಹಲವು ರೆಸಾರ್ಟ್‌ಗಳ ನೌಕರರು ಕಡಿಮೆ ವೇತನ ಮತ್ತು ಗುತ್ತಿಗೆಯ ಷರತ್ತುಗಳ ವಿರುದ್ಧ ಬೀದಿಗಿಳಿದಿದ್ದರು. ರೆಸಾರ್ಟನ್ನು ಬಹಿಷ್ಕರಿಸಿ ಎಂದು ನಾನು ಹೇಳುತ್ತಿಲ್ಲ. ಏಳು ರಾತ್ರಿಗಳಲ್ಲಿ ಮೂರನ್ನು ಅಲ್ಲಿ ಕಳೆದು ಉಳಿದ ನಾಲ್ಕನ್ನು ಸ್ಥಳೀಯರ ಅತಿಥಿಗೃಹಕ್ಕೆ ಕೊಟ್ಟರೆ ಹೋಟೆಲಿನ ನೌಕರನೂ ಉಳಿಯುತ್ತಾನೆ. ಮೀನಿನವಳು, ಟ್ಯಾಕ್ಸಿಯವನು, ರೋಟಿ ಅಂಗಡಿಯವರೂ ನಾಲ್ಕು ಕಾಸು ಕಾಣುತ್ತಾರೆ.

ಇದಕ್ಕಿಂತ ಬಲವಾದ ಆಕ್ಷೇಪಣೆ ದಣಿವಿನದು. ನಮ್ಮ ಮದುವೆಯೆಂದರೆ ವರಪೂಜೆಯಿಂದ ಬೀಗರ ಔತಣದವರೆಗೆ ನಾಲ್ಕೈದು ದಿನದ ಜಾತ್ರೆ. ಮದುಮಕ್ಕಳಿಗೆ ಇಬ್ಬರೇ ಕೂತು ಮಾತಾಡಲು ಅರ್ಧ ಗಂಟೆಯೂ ಸಿಕ್ಕಿರುವುದಿಲ್ಲ. ಅದಾದ ಮೇಲೆ ದ್ವೀಪವೂ ಬೇಡ, ಚರಿತ್ರೆಯೂ ಬೇಡ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರೆ ಸಾಕು ಎನ್ನುವುದು ತೀರಾ ಸಹಜ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಮೊದಲ ಮೂರು ರಾತ್ರಿ ರೆಸಾರ್ಟ್ ಎಂದದ್ದೂ ಅದಕ್ಕೇ. ನಿದ್ದೆ ತೀರಿ ನಾಲ್ಕನೇ ದಿನ ಎದ್ದಾಗ ಮಾತ್ರ ಬೇಕಾಗುವುದು ಬೇರೆ. ಹೆಚ್ಚು ಕಡಿಮೆ ಅಪರಿಚಿತರಾಗಿಯೇ ಮದುವೆಯಾದವರಿಗೆ, ಅಥವಾ ವರ್ಷಗಟ್ಟಲೆ ಫೋನಿನಲ್ಲೇ ಪ್ರೀತಿಸಿದವರಿಗೆ, ಒಬ್ಬರನ್ನೊಬ್ಬರು ಅರಿಯಲು ಒಟ್ಟಿಗೆ ಮಾಡಬೇಕಾದ ಸಣ್ಣ ಕೆಲಸಗಳು ಬೇಕು: ಗೊತ್ತಿಲ್ಲದ ಊರಲ್ಲಿ ಬಸ್ಸು ಹುಡುಕುವುದು, ಚೌಕಾಸಿ ಮಾಡುವುದು, ದಾರಿ ತಪ್ಪಿದಾಗ ಯಾರನ್ನು ಕೇಳುವುದೆಂದು ತೀರ್ಮಾನಿಸುವುದು. ಎಲ್ಲವನ್ನೂ ಯಾರೋ ತಂದುಕೊಡುವ ಜಾಗದಲ್ಲಿ ಇಂಥ ಅವಕಾಶವೇ ಬರುವುದಿಲ್ಲ.

ಸುರಕ್ಷತೆಯ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಜಮೈಕಾದ ಕೊಲೆಗಳ ಪ್ರಮಾಣ ಬಹುಕಾಲ ಜಗತ್ತಿನ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ಈಚಿನ ವರ್ಷಗಳಲ್ಲಿ ಸಾಕಷ್ಟು ಇಳಿದಿದೆ. ಆ ಹಿಂಸೆ ಬಹುಮಟ್ಟಿಗೆ ಕೆಲವು ಬಡಾವಣೆಗಳ ಗ್ಯಾಂಗುಗಳ ನಡುವಿನದು. ಆದರೂ ಹೊಸಬರಿಗೆ ಯಾವ ಬೀದಿ ಎಂಥದ್ದೆಂದು ತಿಳಿಯುವುದಿಲ್ಲ, ಅಂಥ ಕಡೆ ಗೋಡೆಯೊಳಗಿನ ರೆಸಾರ್ಟ್ ಬೇಕೆನ್ನುವವರನ್ನು ತಪ್ಪೆನ್ನಲಾರೆ. ಆದರೆ ಹೊರಗೆ ನಡೆಯಲು ಹೆದರಿಕೆಯಾಗುವ ಜಾಗಕ್ಕೆ ಮಧುಚಂದ್ರಕ್ಕೆ ಯಾಕೆ ಹೋಗಬೇಕು? ಬಾರ್ಬಡೋಸನ್ನೇ ತೆಗೆದುಕೊಳ್ಳಿ. ಉದ್ದ 34 ಕಿಲೋಮೀಟರ್, ಅಗಲ 23. ಬಸ್ಸಿನಲ್ಲಿ ಎಲ್ಲಿಂದ ಎಲ್ಲಿಗೆ ಹೋದರೂ ಒಂದೇ ದರ, ಮೂರೂವರೆ ಬಾರ್ಬಡೋಸ್ ಡಾಲರ್, ಅಂದರೆ ಅಮೆರಿಕದ ಎರಡು ಡಾಲರಿಗೂ ಕಡಿಮೆ. ಪಶ್ಚಿಮ ತೀರದ ನೀರು ಶಾಂತ, ಪೂರ್ವದ ಬಾತ್‌ಶೀಬಾದಲ್ಲಿ ಅಟ್ಲಾಂಟಿಕ್‌ನ ಅಲೆಗಳ ಆರ್ಭಟ. ಶುಕ್ರವಾರ ಸಂಜೆ ಓಯಿಸ್ಟಿನ್ಸ್ ಎಂಬ ಮೀನುಗಾರರ ಊರಿನಲ್ಲಿ ಮೀನು ಕರಿಯುವ ಮೇಳ. ಊರವರೂ ಪ್ರವಾಸಿಗರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್‌ಗೂ ಬಸ್ಸಿನಲ್ಲೇ ಹೋಗಬಹುದು. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಎತ್ತಿದ್ದು, ನಮ್ಮ ರಾಹುಲ್ ದ್ರಾವಿಡ್ ಆ ತಂಡದ ಕೋಚ್ ಆಗಿ ಕೊನೆಯ ಪಂದ್ಯ ಮುಗಿಸಿದ್ದು ಅಲ್ಲೇ. ಗ್ರೆನಡಾದ ಗ್ರಾಂಡ್ ಆನ್ಸ್ ದಂಡೆಯಿಂದ ಸೇಂಟ್ ಜಾರ್ಜಸ್‌ನ ಮಾರುಕಟ್ಟೆಗೆ ವ್ಯಾನಿನಲ್ಲಿ ಸ್ವಲ್ಪವೇ ದಾರಿ. ದೇಶದ ಬಾವುಟದಲ್ಲೇ ಜಾಯಿಕಾಯಿ ಇರುವ ಆ ನಾಡಿನ ಸಂತೆಯಲ್ಲಿ ಜಾಪತ್ರೆ, ಚಕ್ಕೆ, ಲವಂಗದ ರಾಶಿ ನೋಡಿದರೆ ಶಿರಸಿಯವರಿಗೆ ಅದು ಪರದೇಶವೆನಿಸದು. ಇವಕ್ಕೆ ಹೋಲಿಸಿದರೆ ಪುಂಟಾ ಕಾನಾದಲ್ಲಿ ರೆಸಾರ್ಟ್‌ಗಳ ಸಾಲು ಬಿಟ್ಟು ನಡೆದು ಸೇರುವ ಹಳೆಯ ಊರೇ ಇಲ್ಲ. ರಾಜಧಾನಿ ಸಾಂಟೊ ಡೊಮಿಂಗೊ ಎರಡೂವರೆ ಗಂಟೆಯ ದಾರಿ. ಸೇಂಟ್ ಲೂಸಿಯಾದ ದೊಡ್ಡ ವಿಮಾನ ನಿಲ್ದಾಣ ದಕ್ಷಿಣದ ತುದಿಯಲ್ಲಿದ್ದು, ರೆಸಾರ್ಟ್‌ಗಳಲ್ಲಿ ಹಲವು ಉತ್ತರದಲ್ಲಿವೆ. ಒಂದೂವರೆ ಗಂಟೆ ಘಾಟಿಯ ತಿರುವುಗಳಲ್ಲಿ ಹೋಗಬೇಕು. ಬುಕ್ ಮಾಡುವಾಗ ನಕ್ಷೆ ತೆರೆದು ನೋಡಿದರೆ ಇದೆಲ್ಲ ಕಾಣುತ್ತದೆ.

ಖರ್ಚು ಎಷ್ಟಾಗುತ್ತದೆಂದು ಮೊದಲೇ ತಿಳಿಯುವುದು ಆಲ್ ಇನ್‌ಕ್ಲೂಸಿವ್‌ನ ನಿಜವಾದ ಲಾಭ. ಸಾಲ ಮಾಡಿ ಮದುವೆಯಾದವರಿಗೆ, ಡಾಲರ್ ಎಣಿಸುವವರಿಗೆ ಅದು ಸಣ್ಣದಲ್ಲ. ಇದಕ್ಕೆ ನನ್ನ ಉತ್ತರ ಸರಳ: ಉಪಾಹಾರ ಮಾತ್ರ ಸೇರಿದ ಹೋಟೆಲ್ ಹಿಡಿದು, ಉಳಿದ ಹಣವನ್ನು ದಿನಕ್ಕಿಷ್ಟೆಂದು ಎತ್ತಿಟ್ಟುಕೊಂಡರೆ ಅದೇ ಖಚಿತತೆ ಸಿಗುತ್ತದೆ, ಕುಡಿಯದ ಸಸ್ಯಾಹಾರಿ ಜೋಡಿಗೆ ಬಹುಪಾಲು ಮಿಗತೆಯೂ ಆಗುತ್ತದೆ. ಚೆನ್ನಾಗಿ ಕುಡಿಯುವ, ಮೂರು ಹೊತ್ತೂ ಸಮುದ್ರಾಹಾರ ಬಯಸುವ, ಹೊರಗೆ ಹೋಗುವ ಮನಸ್ಸೇ ಇಲ್ಲದವರಿಗೆ ಮಾತ್ರ ಲೆಕ್ಕ ರೆಸಾರ್ಟಿನ ಪರವಾಗಿ ನಿಲ್ಲುತ್ತದೆ.

ಅಮೆರಿಕದಲ್ಲಿರುವ ನಮ್ಮವರು ದ್ವೀಪ ಆರಿಸುವ ಮುನ್ನ ನೋಡಲೇಬೇಕಾದ್ದು ವೀಸಾ. ಭಾರತೀಯ ಪಾಸ್‌ಪೋರ್ಟಿಗೆ ಬಾರ್ಬಡೋಸ್, ಗ್ರೆನಡಾ, ಜಮೈಕಾಗಳು ಅಲ್ಪಾವಧಿ ಪ್ರವಾಸಕ್ಕೆ ವೀಸಾ ಕೇಳುವುದಿಲ್ಲ; ಡೊಮಿನಿಕನ್ ರಿಪಬ್ಲಿಕ್ ಮಾನ್ಯ ಅಮೆರಿಕ ವೀಸಾ ಇದ್ದವರನ್ನು ಬಿಟ್ಟುಕೊಳ್ಳುತ್ತದೆ. ನಿಯಮ ಬದಲಾಗುತ್ತಿರುವುದರಿಂದ ಹೊರಡುವ ಮುನ್ನ ಮತ್ತೆ ನೋಡಬೇಕು. ತೊಡಕು ಇರುವುದು ಮರಳುವಾಗ. ಪಾಸ್‌ಪೋರ್ಟಿನಲ್ಲಿ ಎಚ್-1ಬಿ ಉದ್ಯೋಗ ವೀಸಾ ಮುದ್ರೆಯ ಅವಧಿ ಮುಗಿದಿದ್ದು, ವಾಸದ ಅನುಮತಿ ಮಾತ್ರ ವಿಸ್ತರಣೆಯಾಗಿರುವವರಿಗೆ ಕೆನಡಾ, ಮೆಕ್ಸಿಕೊಗಳಿಗೆ 30 ದಿನದೊಳಗಿನ ಪ್ರವಾಸ ಹೋಗಿ ಬರಲು ರಿಯಾಯಿತಿಯಿದೆ. ಕೆರಿಬಿಯನ್ ದ್ವೀಪಗಳಿಗೆ ಆ ರಿಯಾಯಿತಿ ಇರುವುದು ಎಫ್ ಮತ್ತು ಜೆ ವೀಸಾದ ವಿದ್ಯಾರ್ಥಿಗಳು ಮತ್ತು ವಿನಿಮಯ ಸಂದರ್ಶಕರಿಗೆ ಮಾತ್ರ. ಮದುವೆಯಾದ ಮೇಲೆ ಹೆಂಡತಿಯೋ ಗಂಡನೋ ಅಮೆರಿಕದೊಳಗಿದ್ದುಕೊಂಡೇ ಸಂಗಾತಿಗೆ ಸಿಗುವ ಎಚ್-4ಗೆ ಬದಲಾಯಿಸಲು ಅರ್ಜಿ ಹಾಕಿ, ಅದು ತೀರ್ಮಾನವಾಗುವ ಮುನ್ನ ದೇಶ ಬಿಟ್ಟರೆ ಅರ್ಜಿಯನ್ನೇ ಕೈಬಿಟ್ಟಂತೆ ಎಣಿಸುತ್ತಾರೆ. ಬೆಂಗಳೂರಿನಿಂದ ಹೊರಡುವವರಿಗೆ ಬೇರೆ ಚಿಂತೆ: ಅಮೆರಿಕದ ನಿಲ್ದಾಣದಲ್ಲಿ ವಿಮಾನ ಬದಲಿಸಲೂ ಅಮೆರಿಕದ ವೀಸಾ ಬೇಕು, ಯುರೋಪಿನ ದಾರಿಯಲ್ಲೂ ಟ್ರಾನ್ಸಿಟ್ ನಿಯಮಗಳಿವೆ. ವೀಸಾದ ಮಾತು ಖಚಿತವಾದ ಮೇಲೆ, ಹಣ ಕಟ್ಟುವ ಮುನ್ನ, ರೆಸಾರ್ಟಿಗೊಂದು ಪತ್ರ ಬರೆದು ಉತ್ತರವನ್ನು ಬರವಣಿಗೆಯಲ್ಲೇ ತರಿಸಿಕೊಳ್ಳುವುದು ಒಳ್ಳೆಯದು: ಚಂಡಮಾರುತದ ಮುನ್ಸೂಚನೆ ಬಂದರೆ ದಿನಾಂಕ ಬದಲಿಸಿಕೊಡುತ್ತೀರಾ, ಹಣ ವಾಪಸು ಕೊಡುತ್ತೀರಾ; ಕಳೆದ ವರ್ಷ ಇದೇ ತಿಂಗಳಲ್ಲಿ ದಂಡೆಗೆ ಸರ್ಗಾಸಮ್ ಬಂದಿತ್ತೇ; ಮೊಟ್ಟೆಯೂ ಇಲ್ಲದ ಸಸ್ಯಾಹಾರ ದಿನವೂ ಸಿಗುತ್ತದೆಯೇ; ಹತ್ತಿರದ ಬಸ್ ನಿಲ್ದಾಣಕ್ಕೆ ಗೇಟಿನಿಂದ ಎಷ್ಟು ದೂರ.